ದೇವರ ಪಕ್ಕದ ಬ್ಯಾಟು

ನನ್ನ ಸೋದರಮಾವನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಹಳೆಯ ಬ್ಯಾಟು ತಂದವರು ಅದನ್ನು ಮರದ ಹಲಗೆಯ ಮೇಲೆ ಇಟ್ಟು ಸುಮ್ಮನೆ ಕೂರಬೇಕು. ಯಾರು ಆಡಿದ್ದು, ಯಾವ ಮೈದಾನದಲ್ಲಿ, ಎಷ್ಟು ರನ್ನು, ಯಾವುದನ್ನೂ ಹೇಳಕೂಡದು. ಯಾರಾದರೂ ತಡೆಯಲಾರದೆ ಬಾಯಿ ತೆರೆದರೆ ಮಾವ ಕೈ ಎತ್ತಿ ನಿಲ್ಲಿಸುತ್ತಿದ್ದರು.

"ನಿಲ್ಲಿ ಮಾರಾಯ್ರೆ. ಮೊದ್ಲು ಅದು ಹೇಳ್ಲಿ. ಆಮೇಲೆ ನೀವು ಹೇಳಿ."

ಅಂಗಡಿ ಎಂದರೆ ಮುಂಬೈ ಪಕ್ಕದ ಠಾಣೆಯ ನೌಪಾಡಾದ ಒಂದು ಗಲ್ಲಿಯಲ್ಲಿ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡಿದ್ದ ಗೂಡು. ಬ್ಯಾಟಿನ ಸಡಿಲವಾದ ಹಿಡಿ ಕೂಡಿಸುವುದು, ಸೀಳು ಬಿಟ್ಟಲ್ಲಿ ದಾರ ಸುತ್ತುವುದು, ಹೊಸ ಬ್ಯಾಟಿಗೆ ಎಣ್ಣೆ ಕುಡಿಸಿ ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಹದ ಮಾಡುವುದು, ಇದು ಅವರ ಕಸುಬು. ಅಗಸೆ ಎಣ್ಣೆಯ ವಾಸನೆ ಅವರ ಅಂಗಿಯನ್ನು ಬಿಟ್ಟು ಹೋದದ್ದನ್ನು ನಾನು ಕಾಣೆ. ನಾನು ಕನ್ನಡ ಕಲಿತದ್ದೂ ಆ ವಾಸನೆಯ ನಡುವೆಯೇ. ರಸ್ತೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕನ್ನಡ ಎಂದರೆ ನನಗೆ ಅಜ್ಜಿ ಮತ್ತು ಮಾವ. ಇಬ್ಬರೂ ಕುಂದಾಪುರ ಕಡೆಯವರು. ಅಜ್ಜಿ ಬೈಯುತ್ತ ಕಲಿಸಿದರು, ಮಾವ ಮರದ ಮೇಲೆ ಬೆರಳಾಡಿಸುತ್ತ ಕಲಿಸಿದರು. ಇವತ್ತಿಗೂ ಕೆಲವು ಮಾತು ಬರೆಯುವಾಗ ನನಗೆ ಅದನ್ನು ಹೇಳಿದ ಬಾಯಿ ಮೊದಲು ನೆನಪಾಗುತ್ತದೆ.

ತೊಂಬತ್ತರ ದಶಕದ ನಡುವೆ, ಮನೆಮನೆಗೂ ಕೇಬಲ್ ಟಿವಿ ಬಂದು ಹಗಲಿರುಳು ಕ್ರಿಕೆಟ್ ಆದ ಮೇಲೆ, ಹಳೆಯ ಬ್ಯಾಟುಗಳಿಗೂ ಒಂದು ಮರ್ಯಾದೆ ಬಂತು. ಅಟ್ಟದ ಮೇಲೆ ಬಿದ್ದಿದ್ದವು ಕೆಳಗಿಳಿದವು. ಹೋಟೆಲಿನವರು ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಪಕ್ಕದಲ್ಲಿ, ಗಾಜಿನ ಪೆಟ್ಟಿಗೆ ಮಾಡಿಸಿ ಬ್ಯಾಟು ಇಡತೊಡಗಿದರು. ಹೀಗೆ ಇಡುವ ಮೊದಲು ಇದು ನಿಜಕ್ಕೂ ಆಡಿದ ಬ್ಯಾಟು ಹೌದೋ ಅಲ್ಲವೋ ಎಂದು ತಿಳಿಯಲು ಮಾವನ ಹತ್ತಿರ ಬರುತ್ತಿದ್ದರು. ಕಲ್ಯಾಣದ ಒಬ್ಬ ಹೋಟೆಲ್ ಯಜಮಾನರು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದದ್ದು ನೆನಪಿದೆ. ಮಾವ ಬ್ಯಾಟನ್ನು ಬಾಗಿಲಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು.

"ಸೆಂಚುರಿ ಹೊಡ್ದಿತ್ತ್," ಎಂದರು.

ಯಜಮಾನರ ಮುಖ ಅರಳಿತು. "ನಾನು ಹೇಳ್ಲಿಲ್ವಾ!"

"ಬಿಲ್ಡಿಂಗ್ ಕಂಪೌಂಡಿನಲ್ಲಿ. ಟೆನಿಸ್ ಬಾಲಿಗೆ. ಮೇಲಿನ ಮಾಳಿಗೆ ಕಿಟಕಿ ಒಡ್ದ್ರೆ ಔಟ್ ಅಂತ ಆಡ್ತಾರಲ್ದಾ, ಆ ಆಟ."

"ಹಾಂಗಾರೆ ಗೋಡೆಗೆ ಹಾಕೂದು ಬೇಡ್ವಾ?"

"ಹಾಕಿ, ಧಾರಾಳ ಹಾಕಿ. ದೊಡ್ಡವರ ಹೆಸರು ಬರೀಬೇಡಿ. ನಿಮ್ಮ ಮಗನ ಹೆಸರು ಬರೀರಿ."

ಯಜಮಾನರು ಮೊದಲು ಮುಖ ಗಂಟಿಕ್ಕಿ, ಆಮೇಲೆ ನಕ್ಕು, ಚಹಾ ಕುಡಿದು ಹೋದರು. ತೊಗಲಿನ ಚೆಂಡಿಗೆ ನಮ್ಮ ಕಡೆ ಸೀಸನ್ ಬಾಲು ಎನ್ನುತ್ತಿದ್ದರು. ಅದು ಬಡಿದಲ್ಲಿ ಮರದೊಳಗೆ ಕೆಂಪು ಇಳಿಯುತ್ತದೆ, ಚೆಂಡಿನ ಹೊಲಿಗೆ ಹಲ್ಲಿನ ಸಾಲಿನಂತೆ ಕಚ್ಚಿರುತ್ತದೆ. ಟೆನಿಸ್ ಬಾಲು ಕಚ್ಚುವುದಿಲ್ಲ, ಬರೀ ನುಣ್ಣಗೆ ಸವರಿ ಹೋಗುತ್ತದೆ. ಇಷ್ಟು ನನಗೂ ಗೊತ್ತಾಗಿತ್ತು. ಇದಕ್ಕಿಂತ ಹೆಚ್ಚಿನದು ಮಾವನ ಬೆರಳಿಗೆ ಗೊತ್ತಿತ್ತು.

ನಾನಾಗ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಮನೆ ಡೊಂಬಿವಲಿಯಲ್ಲಿ. ಬೆಳಗಿನ ಲೋಕಲ್ಲಿನಲ್ಲಿ ಒಂದೇ ಡಬ್ಬಿ, ಒಂದೇ ಬಾಗಿಲು, ಅದೇ ಹತ್ತಾರು ಮುಖ. ಆ ಗುಂಪಿನಲ್ಲಿ ನನಗೆ ಹತ್ತಿರದವನು ಒಬ್ಬ ಗೆಳೆಯ. ಅವನ ಮನೆಯವರೂ ಕುಂದಾಪುರ ಕಡೆಯವರೇ, ಆದರೆ ಅವನು ಹುಟ್ಟಿದ್ದು ಇಲ್ಲಿ. ಕನ್ನಡದಲ್ಲಿ ಕೇಳಿದರೆ ಅರ್ಧ ಹಿಂದಿಯಲ್ಲಿ ಉತ್ತರ. ಅವನ ಅಪ್ಪ ಜೀವಮಾನವಿಡೀ ಹೋಟೆಲು, ಕ್ಯಾಂಟೀನುಗಳ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಆದರೆ ಒಂದು ವಿಷಯ ಬಂದರೆ ಮಾತ್ರ ಅವರನ್ನು ಹಿಡಿಯಲಾಗುತ್ತಿರಲಿಲ್ಲ. ಅದು ಅವರ ಮನೆಯ ದೇವರ ಗೂಡಿನ ಪಕ್ಕದಲ್ಲಿ ನಿಂತಿದ್ದ ಬ್ಯಾಟು.

"ಆಗ ನಾನು ಮುಂಬೈಯ ಜಿಮಖಾನಾ ಮೈದಾನದ ಕ್ಯಾಂಟೀನಿನಲ್ಲಿ ಇದ್ದೆ," ಎಂದು ಶುರುಮಾಡುವರು. ದೇಶಕ್ಕೆ ಆಡಿದ ದೊಡ್ಡ ಬ್ಯಾಟ್ಸ್‌ಮನ್ ಒಬ್ಬರು (ಅವರು ಹೆಸರು ಹೇಳುತ್ತಿದ್ದರು, ಇಲ್ಲಿ ಬೇಡ) ಅವತ್ತು ಸೆಂಚುರಿ ಹೊಡೆದು, ಪ್ಯಾಡು ಕಟ್ಟಿಕೊಂಡೇ ಕ್ಯಾಂಟೀನಿಗೆ ಬಂದು, ಇವರು ಮಾಡಿದ ರವೆಯ ಶಿರಾ ಎರಡು ಸಲ ಹಾಕಿಸಿಕೊಂಡು ತಿಂದು, ಹೋಗುವಾಗ ಬ್ಯಾಟನ್ನು ಇವರ ಕೈಗೆ ಕೊಟ್ಟು "ಇಟ್ಟುಕೋ" ಅಂದರಂತೆ. ಕಥೆ ಹೇಳುತ್ತ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದು ಆ ಹೊಡೆತವನ್ನು ತೋರಿಸುವರು. ಆ ಎಡಗೈಯಲ್ಲಿ ಕಿರುಬೆರಳು ಇರಲಿಲ್ಲ. ಊರಿಂದ ಬಂದ ಹೊಸದರಲ್ಲಿ, ಮೀಸೆ ಮೂಡುವ ಮೊದಲೇ, ಹೋಟೆಲಿನ ರುಬ್ಬುವ ಕಲ್ಲಿಗೆ ಸಿಕ್ಕಿ ಹೋದದ್ದು.

ಆ ಮನೆಯಲ್ಲಿ ಪ್ರತಿ ವರ್ಷ ಆಯುಧಪೂಜೆಗೆ ಬ್ಯಾಟನ್ನು ಇಳಿಸಿ, ಒರೆಸಿ, ಎಣ್ಣೆ ಹಚ್ಚಿ, ಮುಖದ ಮೇಲೆ ಅರಿಸಿನ ಕುಂಕುಮ ಇಟ್ಟು, ಹೂವು ಏರಿಸುತ್ತಿದ್ದರು. ಕತ್ತಿ, ಮೆಟ್ಟುಕತ್ತಿ, ಹೊಲಿಗೆ ಯಂತ್ರ, ಅದರ ಜೊತೆಗೆ ಬ್ಯಾಟು. ಗೆಳೆಯ ಶಾಲೆಗೆ ಹೋಗುವಾಗ ಕೇರಿಯ ಮಕ್ಕಳು ಅದನ್ನು ನೋಡಲು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರಂತೆ. "ನಮ್ಮ ಮನೇಲಿ ಇನ್ನೇನಿತ್ತು ದೋಸ್ತ್? ಒಂದು ಬ್ಯಾಟು ಇತ್ತು," ಎಂದು ಅವನೇ ಒಮ್ಮೆ ಹೇಳಿದ್ದ.

ಎಲ್ಲ ಕೆಟ್ಟದ್ದು ಅವರ ಕಟ್ಟಡದ ಸೊಸೈಟಿಯ ಗಣೇಶೋತ್ಸವದಲ್ಲಿ. ಸದಸ್ಯರ ಮನೆಗಳ ಹಳೆಯ ವಸ್ತುಗಳನ್ನು ಒಂದು ಮೇಜಿನ ಮೇಲೆ ಇಡುವುದೆಂದಾಯಿತು. ಗೆಳೆಯ ಬ್ಯಾಟನ್ನು ಇಟ್ಟು, ಪಕ್ಕದಲ್ಲಿ ಆ ದೊಡ್ಡವರ ಹೆಸರನ್ನು ದೊಡ್ಡದಾಗಿ ಬರೆದು ನಿಲ್ಲಿಸಿದ. ಅಲ್ಲಿ ಒಬ್ಬರು ಮರಾಠಿ ಅಜ್ಜ, ಎಲ್ಲರ ಆಜೋಬಾ, ಆ ಕಾಲದ ಮ್ಯಾಚುಗಳನ್ನೆಲ್ಲ ಹುಲ್ಲಿನ ಮೇಲೆ ಕುಳಿತು ನೋಡಿದವರು, ಬ್ಯಾಟನ್ನು ಎತ್ತಿ ತೂಗಿ ನಕ್ಕುಬಿಟ್ಟರು. ಆ ಬ್ಯಾಟ್ಸ್‌ಮನ್ ಎತ್ತರದ ಆಳು, ಉದ್ದ ಹಿಡಿಯ ಭಾರದ ಬ್ಯಾಟು ಬಿಟ್ಟು ಬೇರೆ ಮುಟ್ಟಿದವರಲ್ಲ. ಇದು ಗಿಡ್ಡ ಹಿಡಿ, ಹಗುರ. "ತುಝ್ಯಾ ಬಾಬಾಂನೀ ಗಂಮತ್ ಕೇಲೀ ರೇ," ಅಂದರು, ನಿನ್ನ ಅಪ್ಪ ತಮಾಷೆ ಮಾಡಿದ್ದಾರಪ್ಪ ಎಂದು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸುತ್ತ ನಿಂತವರು ನಕ್ಕರು.

ಗೆಳೆಯ ಬ್ಯಾಟನ್ನು ಹೊತ್ತುಕೊಂಡು ಮನೆಗೆ ಹೋಗಿ ಅಪ್ಪನ ಮುಂದೆ ಇಟ್ಟ. ಸಿಟ್ಟು ಬಂದಾಗ ಅವನಿಗೆ ಹಿಂದಿಯೇ ಬರುವುದು. "ಸಬ್ ಝೂಟ್ ಥಾ? ಇಷ್ಟು ವರ್ಷ ಎಲ್ಲ ಸುಳ್ಳಾ?" ಅಪ್ಪ ಬ್ಯಾಟನ್ನು ಒರೆಸಿ ಅದರ ಜಾಗಕ್ಕೆ ಇಟ್ಟರಂತೆ. ಆಮೇಲೆ ಅಪ್ಪ ಮಗನ ನಡುವೆ ಮಾತು ನಿಂತಿತು. ದೀಪಾವಳಿ ಬರುವ ಮೊದಲೇ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಬಾಯಿಯೂ ನಿಂತಿತು.

ಅದಾದ ಮೇಲೆ ಗೆಳೆಯ ಲೋಕಲ್ಲಿನಲ್ಲಿ ಇಸ್ಪೀಟು ಆಡುವುದನ್ನು ಬಿಟ್ಟ. ಒಂದು ದಿನ ಠಾಣೆ ಹತ್ತಿರ ಬರುವಾಗ, ಇಳಿಯುವವರ ನೂಕಾಟದ ನಡುವೆ, ನನ್ನ ಕಿವಿಯ ಹತ್ತಿರ ಬಾಯಿ ತಂದ.

"ನಿನ್ನ ಮಾವನಿಗೆ ಆ ಬ್ಯಾಟು ತೋರಿಸ್ತೀಯಾ? ಏಕ್ ಬಾರ್ ಪಕ್ಕಾ ಗೊತ್ತಾಗ್ಬೇಕು."

"ಗೊತ್ತಾಗಿ ಏನು ಮಾಡ್ತಿ?"

"ನಿಜ ಆದ್ರೆ ಕಾಲು ಹಿಡೀತೀನಿ. ಸುಳ್ಳು ಆದ್ರೆ... ದಿನಾ ಅವರಿಗೆ ಗಂಜಿ ತಿನ್ನಿಸ್ತೀನಿ. ಮುಖ ನೋಡಕ್ಕಾಗಲ್ಲ. ನನ್ನನ್ನ ನೋಡ್ತಾ ಇರ್ತಾರೆ. ಏನು ಹೇಳ್ತಾ ಇದಾರೆ ಅಂತ ಗೊತ್ತಾಗಲ್ಲ."

ಒಂದು ಭಾನುವಾರ ಬೆಳಿಗ್ಗೆ ಅವನು ಬ್ಯಾಟನ್ನು ಅಮ್ಮನ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಕೊಂಡು ನೌಪಾಡಾಕ್ಕೆ ಬಂದ. ಮಾವ ಅವನನ್ನು ಹಿಂದೆ ನೋಡಿರಲಿಲ್ಲ, ಅವನ ಅಪ್ಪನನ್ನಂತೂ ಇಲ್ಲವೇ ಇಲ್ಲ. ಕಟ್ಟಳೆಯನ್ನು ನಾನು ಮೊದಲೇ ಹೇಳಿಟ್ಟಿದ್ದೆ.

"ನಮಸ್ತೆ ಅಂಕಲ್," ಎಂದ.

"ಅಂಕಲ್ ಯಾರು ಮಾರಾಯ? ನಾನೇನು ಇಂಗ್ಲೆಂಡಿನಿಂದ ಬಂದವನಾ? ಇವನಿಗೆ ಮಾವ ಆದ್ರೆ ನಿಂಗೂ ಮಾವ. ಕೂಕೋ. ಮಾತಾಡ್ಬೇಡ."

ಸೀರೆ ಬಿಚ್ಚಿದರು. ಮೊದಲು ಎತ್ತಿ ತೂಗಿದರು. ಆಮೇಲೆ ಮೂಸಿದರು. "ತೆಂಗಿನೆಣ್ಣೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಾಗಿಲಿಗೆ ಬೆನ್ನು ಮಾಡಿ ಕುಳಿತು, ಹೆಗಲ ಮೇಲಿಂದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರು. ಬ್ಯಾಟಿನ ಮುಖದ ತುಂಬ ಕೆಂಪು ಕಲೆಗಳಿದ್ದವು. ಅವನ್ನು ತೋರಿಸುತ್ತಲೇ ಗೆಳೆಯ ಬೆಳೆದಿದ್ದ. ಸೆಂಚುರಿಯ ಗುರುತುಗಳು ಎಂದೇ ಅವನು ಎಲ್ಲರಿಗೂ ಹೇಳಿದ್ದು. ಮಾವ ಹತ್ತಿಯನ್ನು ಒದ್ದೆ ಮಾಡಿ ಒಂದು ಕಲೆಯ ಮೇಲೆ ಮೆಲ್ಲಗೆ ಒತ್ತಿದರು. ಹತ್ತಿ ಕೆಂಪಾಯಿತು. ಇನ್ನೊಂದು ಕಲೆ. ಅದೂ ಬಂತು.

"ಕುಂಕುಮ," ಎಂದರು.

ಗೆಳೆಯ ತಲೆ ತಗ್ಗಿಸಿದ. ನನಗೆ ಅಲ್ಲಿಗೆ ಮುಗಿಯಿತು ಅನಿಸಿತು. ವರ್ಷ ವರ್ಷ ಭಕ್ತಿಯಿಂದ ಇಟ್ಟ ಕುಂಕುಮವನ್ನೇ ಮುಂದಿನ ವರ್ಷಗಳಲ್ಲಿ ಚೆಂಡಿನ ಗುರುತು ಎಂದು ನಂಬಿಕೊಂಡು ಬಂದ ಮನೆ ಅದು. ಮಾವ ಮಾತ್ರ ಹತ್ತಿ ಬದಲಿಸಿ ಒರೆಸುತ್ತಲೇ ಹೋದರು, ಮಗುವಿನ ಮುಖ ಒರೆಸುವಂತೆ. ಎಣ್ಣೆಯ ಜಿಡ್ಡು, ಅರಿಸಿನ, ಕುಂಕುಮ, ಪದರ ಪದರವಾಗಿ ಬಂತು. ಎಲ್ಲ ಬಂದ ಮೇಲೆ, ಮರದ ಬಣ್ಣ ಕಂಡ ಮೇಲೆ, ಕೆಲವು ಕೆಂಪು ಉಳಿದವು. ಎಷ್ಟು ಒರೆಸಿದರೂ ಹೋಗದವು. ಮಾವ ನನ್ನ ಕೈ ಹಿಡಿದೆಳೆದು ಬೆರಳ ತುದಿಯನ್ನು ಅಲ್ಲಿ ಇಟ್ಟರು. ಹೊಲಿಗೆಯ ಕಚ್ಚು ಚರ್ಮಕ್ಕೆ ತಾಗಿತು.

"ಇದು ಹೊರಗಿಂದ ಹಚ್ಚಿದ್ದಲ್ಲ," ಎಂದರು. "ಸೀಸನ್ ಬಾಲು."

ಬ್ಯಾಟಿನ ಕೆಳಭಾಗದಲ್ಲಿ ಹಿಂದೆಂದೋ ಸೀಳು ಬಿಟ್ಟಿತ್ತು. ಅದಕ್ಕೆ ಯಾರೋ ದಾರ ಸುತ್ತಿದ್ದರು. ಮಾವ ಎರಡು ಸುತ್ತು ಸರಿಸಿ ಅಡಿಯನ್ನು ನೋಡಿದರು. ಆಮೇಲೆ ಬಹಳ ಹೊತ್ತು ಮೇಲೆ ಕೆಳಗೆ ನೋಡಿದರು. ದಾರದ ಅಡಿಯಲ್ಲಿದ್ದ ಗುರುತುಗಳು ಹಳೆಯವು. ಅವೆಲ್ಲ ಅಂಚಿಗೆ, ತುದಿಗೆ, ಎಲ್ಲೆಂದರಲ್ಲಿ. ದಾರದ ಮೇಲೆಯೇ ಬಿದ್ದ ಗುರುತುಗಳು, ಅಂದರೆ ಸೀಳು ಕಟ್ಟಿದ ಮೇಲೆ ಬಿದ್ದವು, ಎಲ್ಲ ನಡುವಿಗೆ.

"ಮೊದಮೊದಲು ಹೆದ್ರಿ ಆಡಿದ್ದ," ಎಂದರು ಮಾವ. "ಚೆಂಡು ಬಂದಲ್ಲಿಗೆ ಬ್ಯಾಟು ಹೋಗೂದಲ್ಲ, ಬ್ಯಾಟು ಇದ್ದಲ್ಲಿಗೆ ಚೆಂಡು ಬಂದದ್ದು. ಆಮೇಲೆ ಕಲ್ತ. ಕಾಣ್ ಇಲ್ಲಿ, ಹೇಂಗೆ ನಡುವಿಗೆ ತಕಂಡಿದ್ದ. ಚೆಂದ ಆಡಿದ್ದ, ಮಾರಾಯ."

ದೇಶಕ್ಕೆ ಆಡುವವರು ಹೆದರಿ ಆಡಿ ಒಂದೇ ಬ್ಯಾಟಿನಲ್ಲಿ ಆಟ ಕಲಿಯುವುದಿಲ್ಲ, ಸೀಳಿದ ಬ್ಯಾಟಿಗೆ ದಾರ ಸುತ್ತಿಕೊಂಡು ಮುಂದುವರಿಯುವುದೂ ಇಲ್ಲ. ಇಷ್ಟು ಗೆಳೆಯನಿಗೂ ಅರ್ಥವಾಗಿತ್ತು.

"ಈ ತುದಿ ನೀರು ಕುಡ್ದು ಉಬ್ಬಿತ್ತ್," ಎಂದು ಮಾವ ಬ್ಯಾಟನ್ನು ತಲೆಕೆಳಗು ಮಾಡಿದರು. "ಬಿಳಿ ಬಿಳಿ ಇತ್ತಲ್ದಾ? ಇದು ಮೈದಾನದ ನೀರಲ್ಲ. ಸೋಡಾ, ಸಾಬೂನು. ಬಚ್ಚಲಿನ ನೀರು. ಯಾರಾದ್ರೂ ಇದ್ರಲ್ಲಿ ಬಟ್ಟೆ ಒಗ್ದಿದ್ರಾ?"

ಗೆಳೆಯ ಗೊತ್ತಿಲ್ಲವೆಂದು ತಲೆಯಾಡಿಸಿದ.

ಕೊನೆಗೆ ಹಿಡಿ. ರಬ್ಬರ್ ಗ್ರಿಪ್ಪು ಒಣಗಿ ಕಲ್ಲಾಗಿತ್ತು. "ಇದನ್ನ ಬಿಚ್ಚಿದ್ರೆ ಹರೀತದೆ. ಬಿಚ್ಚಲಾ?" ಗೆಳೆಯ ಹೂಂ ಅಂದ. ಮಾವ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೊಗಟೆಯಂತೆ ಎತ್ತಿ ತೆಗೆದರು. ಒಳಗೆ ಬ್ಯಾಟಿನ ತೆಳು ದಾರ ಇರಬೇಕಾದಲ್ಲಿ, ಹಿಡಿಯ ತೀರ ಮೇಲಿನ ತುದಿಯಲ್ಲಿ, ದಪ್ಪನೆಯ ಒಂದು ದಿಬ್ಬ. ಗೋಣಿದಾರ. ಮೈದಾ ಚೀಲದ ಬಾಯಿ ಹೊಲಿದಿರುತ್ತದಲ್ಲ, ಅದು. ಒತ್ತೊತ್ತಾಗಿ ಸುತ್ತಿ, ಕೊನೆಗೆ ಒಂದು ಗಂಟು. ಮಾವ ಆ ಗಂಟನ್ನು ನೋಡಿ ಕನ್ನಡಕ ತೆಗೆದರು.

"ಇದು ಪಾರ್ಸೆಲ್ ಗಂಟು," ಎಂದರು. ದನಿ ತಗ್ಗಿತ್ತು. "ಇಡ್ಲಿ ಪೊಟ್ಟಣಕ್ಕೆ ಹೀಂಗೇ ಕಟ್ಟೂದು. ನನ್ನಪ್ಪನೂ ಹೀಂಗೇ ಕಟ್ತಿದ್ದ. ಇದು ಹೋಟ್ಲಿನವರ ಕೈ."

ತಮ್ಮ ಎಡಗೈಯನ್ನು ಹಿಡಿಗೆ ಹಾಕಿದರು. ದಿಬ್ಬ ಕಿರುಬೆರಳಿಗೆ ಅಡ್ಡ ಬಂತು. ಸರಿಸಿ ನೋಡಿದರು, ಮತ್ತೆ ಅಡ್ಡ ಬಂತು. ಆಮೇಲೆ ಕಿರುಬೆರಳನ್ನು ಮಡಚಿ ಮೂರು ಬೆರಳು, ಹೆಬ್ಬೆರಳಲ್ಲಿ ಮಾತ್ರ ಹಿಡಿದರು. ಕೈ ದಿಬ್ಬದ ಕೆಳಗೆ ಸರಿಯಾಗಿ ಕೂತುಕೊಂಡಿತು. ಜಾರಲು ಜಾಗವಿರಲಿಲ್ಲ.

"ಇವನಿಗೆ ಎಡಗೈ ಕಿರುಬೆರಳು ಇರ್ಲಿಲ್ಲ," ಎಂದರು ಮಾವ. "ಬ್ಯಾಟು ಕೈಯಿಂದ ಹಾರಿ ಹೋಗ್ಬಾರ್ದು ಅಂತ ಈ ತಡೆ ಮಾಡ್ಕಂಡಿದ್ದ. ಈಗ ಹೇಳು ಮಗಾ. ಎಂತ ಕಥೆ?"

ಗೆಳೆಯ ನನ್ನ ಕಡೆ ನೋಡಿದ. ಕಥೆಯನ್ನು ನಾನೇ ಹೇಳಬೇಕಾಯಿತು: ಕ್ಯಾಂಟೀನು, ಶಿರಾ, ದೊಡ್ಡವರು, ಗಣೇಶೋತ್ಸವ, ಲಕ್ವ. ಮಾವ ಕೇಳುತ್ತ ಕೇಳುತ್ತ ಸರಿಸಿದ ದಾರದ ಸುತ್ತನ್ನು ಅದರ ಜಾಗಕ್ಕೆ ಕೂರಿಸಿದರು.

"ಅಂದ್ರೆ ಅವರು ಸುಳ್ಳು ಹೇಳಿದ್ದು ಹೌದು," ಎಂದ ಗೆಳೆಯ ಕೊನೆಗೆ. "ಅವರದೇ ಆಗಿದ್ರೆ ಅವರದು ಅಂತ ಯಾಕೆ ಹೇಳಲಿಲ್ಲ? ಕ್ಯೂಂ?"

"ಬ್ಯಾಟು ದೊಡ್ಡವರದ್ದಲ್ಲ, ಅಷ್ಟು ನಾನು ಹೇಳ್ತೆ. ಆಡಿದ ಬ್ಯಾಟು, ಅದನ್ನೂ ಹೇಳ್ತೆ. ಯಾಕೆ ಅನ್ನೂದು ಮರದಲ್ಲಿ ಇಲ್ಲ ಮಗಾ. ಅದನ್ನ ಮನೇಲಿ ಕೇಳು." ಹೊಸ ಗ್ರಿಪ್ಪು ಹಾಕಿಕೊಡುತ್ತೀರಾ ಎಂದು ನಾನು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. "ಬೇಡ. ಆ ದಾರ ಹಾಂಗೇ ಇರ್ಲಿ. ಅವರ ಕೈಗೆ ಸಿಗ್ಲಿ."

ಹಿಂದಿರುಗುವ ಲೋಕಲ್ಲಿನಲ್ಲಿ ಅವನು ಬ್ಯಾಟನ್ನು ಸೀರೆಯಲ್ಲಿ ಸುತ್ತಲಿಲ್ಲ. ಎದೆಗೆ ಒರಗಿಸಿ ಹಿಡಿದು ನಿಂತಿದ್ದ. ಎದುರಿನ ಸೀಟಿನವನು, ಭಾನುವಾರ ಅಲ್ಲವೇ, ನಗುತ್ತ ಕೇಳಿದ, "ಮ್ಯಾಚ್ ಹೈ ಕ್ಯಾ?"

"ಥಾ," ಎಂದ ಗೆಳೆಯ. "ಬಾಬಾ ಕಾ ಥಾ." ಇತ್ತು, ಅಪ್ಪನದಿತ್ತು ಎಂದು.

ಮೂರನೇ ಮಾಳಿಗೆಯ ಅವರ ಮನೆ ಒಂದು ಹೊರಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಆ ಹುಳಿ ವಾಸನೆ ಬರುತ್ತದೆಂದು ಅಮ್ಮ ಅದನ್ನು ಮುಚ್ಚಿಯೇ ಇಡುತ್ತಿದ್ದರು. ಹೊರಕೋಣೆಯಲ್ಲಿ ಅಪ್ಪನ ಮಂಚ. ನಾವು ಹೋದಾಗ ಅವರಿಗೆ ಜೊಂಪು ಹತ್ತಿತ್ತು. ಗೆಳೆಯ ಸದ್ದಿಲ್ಲದೆ ಅಮ್ಮನನ್ನು ಅಡುಗೆಮನೆಗೆ ಕರೆದ. ನಾನು ಬಾಗಿಲ ಹತ್ತಿರ ನಿಂತೆ.

"ಅಮ್ಮಾ, ಈ ಬ್ಯಾಟಲ್ಲಿ ಯಾರಾದ್ರೂ ಬಟ್ಟೆ ಒಗೆದಿದ್ರಾ?"

ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಅಯ್ಯೋ, ಅದು ನಿಂಗೆ ಯಾರು ಹೇಳಿದ್ರು? ನಾನೇ. ಮದ್ವೆ ಆಯ್ಕಂಡ್ ಚಾಳಿನ ರೂಮಿಗೆ ಬಂದ ಹೊಸತು. ಬಚ್ಚಲ ಮೋರಿ ಹತ್ರ ಮೂಲೇಲಿ ಇತ್ತ್. ನಂಗೆ ಬ್ಯಾಟು ಗೀಟು ಎಂತ ಗೊತ್ತು? ಬಟ್ಟೆ ಬಡೂಕೆ ಲಾಯ್ಕ್ ಇತ್ತಲಾ ಅಂದ್ಕಂಡೆ. ಇವರ ಅಂಗಿ, ಲುಂಗಿ ಎಲ್ಲ ಅದ್ರಲ್ಲೇ ಬಡ್ದೆ. ಸಂಜೆ ಬಂದು ಕಂಡ್ರು. ಬಾಗ್ಲಲ್ಲೇ ನಿಂತ್ರು. ಬೈಲಿಲ್ಲ, ಎಂತದೂ ಹೇಳ್ಲಿಲ್ಲ. ತಕಂಡ್ ಒರೆಸಿ ಒಣಗೂಕೆ ಇಟ್ರು. ಮಾರನೇ ದಿನ ಹೇಳಿದ್ರು, ಇದು ಇಂಥ ದೊಡ್ಡವರ ಬ್ಯಾಟು ಮಾರಾಯ್ತಿ, ಸೆಂಚುರಿ ಹೊಡ್ದದ್ದು ಅಂತ. ನಂಗೆ ಜೀವ ಹೋದಾಂಗಾಯ್ತು. ಅವತ್ತೇ ತಕಂಡ್ ಹೋಗಿ ದೇವರ ಹತ್ರ ಇಟ್ಟೆ."

"ಅದಕ್ಕಿಂತ ಮೊದಲು ಆ ಕಥೆ ಹೇಳಿರಲಿಲ್ವಾ?"

"ಇಲ್ಲ. ಅವತ್ತೇ ಮೊದ್ಲು."

ಗೆಳೆಯ ಮಾವ ಕಂಡದ್ದನ್ನು ಹೇಳಿದ. ಚೆಂಡಿನ ಕೆಂಪು, ಸೀಳಿಗೆ ಸುತ್ತಿದ ದಾರ, ಗೋಣಿದಾರದ ದಿಬ್ಬ, ಇಲ್ಲದ ಬೆರಳು. ಹೇಳುತ್ತ ಹೋದಂತೆ ಅಮ್ಮನ ನಗು ಮುಖದ ಮೇಲೆಯೇ ನಿಂತುಬಿಟ್ಟಿತು, ಮತ್ತೆ ಮೆಲ್ಲಗೆ ಇಳಿಯಿತು. ಬ್ಯಾಟಿನ ಉಬ್ಬಿದ ತುದಿಯನ್ನು ಒಂದು ಬೆರಳಲ್ಲಿ ಮುಟ್ಟಿದರು. ಬಿಸಿಯಾಗಿದೆಯೋ ಎಂಬಂತೆ ಕೈ ಹಿಂದೆ ತೆಗೆದರು.

"ನನ್ನದು ಅಂತ ಹೇಳಿದ್ರೆ ನಾನು ಎಂತ ಮಾಡ್ತಿದ್ದೆ?" ಎಂದು ತಮ್ಮನ್ನೇ ಕೇಳಿಕೊಂಡರು. "ನಕ್ಕು, ಮತ್ತೆ ಬಟ್ಟೆ ಬಡೀತಿದ್ದೆ. ಹೋಟ್ಲಲ್ಲಿ ಹಿಟ್ಟು ರುಬ್ಬು ಗಂಡ್ಸಿಗೆ ಇದೆಲ್ಲ ಎಂತಕ್ಕೆ ಅಂತಿದ್ದೆ." ಮಗನ ಕೈ ಹಿಡಿದುಕೊಂಡರು. "ನಂಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ. ಅವರದೇ ಬ್ಯಾಟಲ್ಲಿ ಬಟ್ಟೆ ಬಡ್ದೆ ಅಂತ ನಂಗೆ ಗೊತ್ತಾಗ್ಬಾರ್ದು ಅಂತ ಇಷ್ಟು ವರ್ಷ ನನ್ನ ಮರ್ಯಾದಿ ಕಾಯ್ದಿದ್ರು ಅವ್ರು."

ಅಮ್ಮನ ಮರ್ಯಾದೆಯೋ, ಬ್ಯಾಟಿನ ಮರ್ಯಾದೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಪ್ಪ ಎಚ್ಚರವಾಗಿದ್ದರು. ನಾವು ಪಿಸುಮಾತಾಡಿದ್ದು ಎಷ್ಟು ಕೇಳಿಸಿತ್ತೋ ತಿಳಿಯದು. ಗೆಳೆಯ ಮಂಚದ ಪಕ್ಕ ನೆಲದ ಮೇಲೆ ಕುಳಿತ. ಬ್ಯಾಟಿನ ಹಿಡಿಯನ್ನು ಅವರ ಎಡಗೈಯ ಹತ್ತಿರ ತಂದ. ಅವರು ಮೊದಲು ಹಿಡಿಯನ್ನು ನೋಡಲಿಲ್ಲ, ಮಗನ ಮುಖ ನೋಡಿದರು. ಬೆರಳುಗಳು ತಾವಾಗಿಯೇ ಹೋಗಿ ಗೋಣಿದಾರದ ಕೆಳಗೆ ಕೂತವು. ರಬ್ಬರ್ ಇಲ್ಲದ್ದು ತಿಳಿದು ಹೆಬ್ಬೆರಳು ನಿಂತಿತು. ಆಮೇಲೆ ದಾರದ ಮೇಲೆ ಹಿಂದೆ ಮುಂದೆ ಆಡಿತು.

"ಅಪ್ಪಯ್ಯಾ," ಎಂದ ಗೆಳೆಯ. ಅಪ್ಪನ ಜೊತೆ ಅವನು ಹಿಂದಿ ಬೆರೆಸದೆ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇದು ನಿಮ್ಮದೇ ಬ್ಯಾಟಲ್ವಾ? ನೀವೇ ಆಡಿದ್ದಲ್ವಾ?"

ಅಮ್ಮ ಮಂಚದ ಕಾಲಿನ ಕಡೆ ನಿಂತಿದ್ದರು. ಅಪ್ಪ ಅವರನ್ನು ನೋಡಿದರು. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಅಲ್ಲ. ಹಿಡಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಆಗ ಅಮ್ಮ, "ಹಾಲು ಉಕ್ಕಿ ಹೋಯ್ತೇನೋ," ಎಂದು ಅಡುಗೆಮನೆಗೆ ನಡೆದರು. ಒಲೆಯ ಮೇಲೆ ಹಾಲಿರಲಿಲ್ಲ, ನಾನು ಈಗಷ್ಟೇ ಅಲ್ಲಿಂದ ಬಂದವನು. ಒಳಗಿಂದ ಪಾತ್ರೆಗಳ ಸದ್ದು ಕೇಳಿಸಿತು, ಬೇಕೆಂದೇ ಜೋರಾಗಿ.

ಅಪ್ಪ ಅಡುಗೆಮನೆಯ ಬಾಗಿಲನ್ನು ನೋಡಿದರು. ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಮತ್ತೆ ಮಗನ ಕಡೆ ತಿರುಗಿ ಒಂದೇ ಒಂದು ಸಲ ತಲೆ ತಗ್ಗಿಸಿ ಎತ್ತಿದರು. ಬ್ಯಾಟಿನ ತುದಿ ಮಂಚದ ಪಕ್ಕ ನೆಲಕ್ಕೆ ತಾಗಿಕೊಂಡಿತ್ತು. ಎತ್ತುವ ಶಕ್ತಿ ಇರಲಿಲ್ಲ. ಆದರೂ ಆ ಎಡಗೈ ಅದನ್ನು ಒಂದಿಷ್ಟು ಸಡಿಲಿಸಿ ನೆಲಕ್ಕೆ ತಟ್ಟಿತು. ಟಕ್. ಕ್ರೀಸಿನಲ್ಲಿ ನಿಂತವರು ಚೆಂಡಿಗೆ ಕಾಯುತ್ತ ತಟ್ಟುತ್ತಾರಲ್ಲ, ಹಾಗೆ. ಸ್ವಲ್ಪ ನಿಂತು ಮತ್ತೊಮ್ಮೆ, ಟಕ್.

ಗೆಳೆಯ ಅಪ್ಪನ ಕಾಲುಗಳ ಮೇಲೆ ಹಣೆ ಇಟ್ಟ. ಬಲಗಾಲಿಗೆ ಅದು ತಿಳಿಯಲಿಲ್ಲವೇನೋ. ಎಡಗಾಲು ಸ್ವಲ್ಪ ಸರಿಯಿತು. ಪಾತ್ರೆಗಳ ಸದ್ದು ನಿಂತು ಅಮ್ಮ ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. "ಅದನ್ನ ನೆಲದ ಮೇಲೆ ಯಾಕೆ ಇಟ್ಟಿದ್ದೆ? ದೇವರ ಹತ್ರ ಇಡು," ಎಂದು ಗದರಿದರು, ಯಾವತ್ತಿನ ಹಾಗೆಯೇ.

ಅಪ್ಪ ಮುಂದಿನ ದಸರೆಯನ್ನು ಕಂಡರು. ಅವರು ಕಂಡ ಕೊನೆಯ ದಸರೆ ಅದೇ. ಆಯುಧಪೂಜೆಗೆ ಮೊದಲು ಅಮ್ಮ ನನ್ನ ಮೂಲಕ ಮಾವನನ್ನು ಕೇಳಿಸಿದ್ದರು, ಬ್ಯಾಟಿಗೆ ಕುಂಕುಮ ಇಡಬಹುದೇ ಎಂದು. "ಬೆನ್ನಿಗೆ ಇಡಲಿ, ಮುಖಕ್ಕೆ ಬೇಡ. ಎಣ್ಣೆ ಇನ್ನು ಬೇಡ, ಅದು ಕುಡ್ದದ್ದು ಸಾಕು," ಎಂದು ಮಾವ ಹೇಳಿ ಕಳಿಸಿದರು. ಹಾಗೆಯೇ ಆಯಿತು. ಬ್ಯಾಟು ಮುಖವನ್ನು ಹೊರಗೆ ಮಾಡಿ ನಿಂತಿತ್ತು, ಒರೆಸಿದ ಮರದ ಮೇಲೆ ಉಳಿದ ಕೆಂಪುಗಳು ಮಾತ್ರ. ಮಂಚದಿಂದ ಅಪ್ಪನಿಗೆ ಅದು ನೇರ ಕಾಣುತ್ತಿತ್ತು.

ಅರಿಸಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯ ಹೆಂಗಸು, ಹೊಸದಾಗಿ ಆ ಕಟ್ಟಡಕ್ಕೆ ಬಂದವರು, ದೇವರ ಪಕ್ಕದಲ್ಲಿ ಬ್ಯಾಟು ಕಂಡು ಆಶ್ಚರ್ಯಪಟ್ಟರು. ಯಾರದಿದು ಎಂದು ಮರಾಠಿಯಲ್ಲಿ ಕೇಳಿದರು.

ಅಮ್ಮ ಮಗನನ್ನು ನೋಡಿದರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು, ಕಿವಿ ಮಾತ್ರ ನಮ್ಮ ಕಡೆಗೇ ಇತ್ತು.

"ಒಬ್ಬರು ಆಡಿದ್ದು," ಎಂದ ಗೆಳೆಯ, ಅವರಿಗೆ ಮರಾಠಿಯಲ್ಲಿ, ಆಮೇಲೆ ಸುಮ್ಮನೆ, ಯಾರಿಗೆಂದಿಲ್ಲದೆ, ಕನ್ನಡದಲ್ಲಿ. "ತುಂಬಾ ಚೆನ್ನಾಗಿ ಆಡಿದ್ದು."